ಸದ್ದಿಲ್ಲದ ಕಾರಿಗೆ ಡಬ್ಬ ಕಟ್ಟುವ ಬಗ್ಗೆ

ಇಂದ,
ಎವೇಲಿಯೊ ಬುರಿತಿಕಾ, ವಯಸ್ಸು 54, ಬಾಡಿಗೆ ಕಾರಿನ ಚಾಲಕ, ಅವಿವಾಹಿತ (ಈ ಪದದ ಕೆಳಗೆ ಅರ್ಜಿದಾರರ ಕೋರಿಕೆಯಂತೆ ಗೆರೆ ಎಳೆಯಲಾಗಿದೆ),
ಲಾ ಸಾರ್ದಿನಾ ಗುಡ್ಡ, ಕಿಂದಿಯೊ, ಕೊಲಂಬಿಯಾ.

ಗೆ,
ಮಾನ್ಯ ಅಧ್ಯಕ್ಷರು,
ಊರ ಸಮಿತಿ, ಲಾ ಸಾರ್ದಿನಾ.

ವಿಷಯ: ಕಾರಿಗೆ ಡಬ್ಬ ಕಟ್ಟುವ ಆದೇಶಕ್ಕೆ ತಲೆಬಾಗುವ ಮೊದಲು, ಸದರಿ ಕಾರಿನಲ್ಲಿ ಕುಳಿತು ಕೇಳಿಸಿಕೊಂಡ ಒಂದು ಮಾತಿನ ಇತ್ಯರ್ಥ ಕೋರಿ.

ಉಲ್ಲೇಖ: 1) ಕಾರಿನ ಹಿಂದೆ ಹದಿನಾಲ್ಕು ಖಾಲಿ ಡಬ್ಬ ಕಟ್ಟತಕ್ಕದ್ದೆಂಬ ಸಮಿತಿಯ ಆದೇಶ. 2) ಅದೇ ಸಭೆಯಲ್ಲಿ ಅಧ್ಯಕ್ಷರು ಅರ್ಜಿದಾರರನ್ನು ಕುರಿತು ಆಡಿದ, ನಡಾವಳಿಯಲ್ಲಿ ಬರೆಯದ ಮಾತು.

ಮಾನ್ಯರೇ,

ಅರ್ಜಿದಾರರು ಹೇಳಿದ್ದನ್ನು ಪೇಟೆ ಚೌಕದ ಅರ್ಜಿ ಬರಹಗಾರನಾದ ನಾನು ಟೈಪು ಮಾಡಿದ್ದೇನೆ. ಅವರು ಒಂದು ವಾಕ್ಯಕ್ಕೆ ಮೂರು ಸಲ ಕೆಮ್ಮುತ್ತಾರೆ. ಕೆಮ್ಮನ್ನು ಕೈಬಿಟ್ಟಿದ್ದೇನೆ.

1. ಹಳೆಯ ಜೀಪಿನ ತಳ ಉದುರಿ ಪ್ರಯಾಣಿಕರ ಕಾಲು ರಸ್ತೆಗೆ ತಾಗತೊಡಗಿದ ಕಾರಣ, ಅರ್ಜಿದಾರರು ಪೆಟ್ರೋಲಿನಲ್ಲೂ ಬ್ಯಾಟರಿಯಲ್ಲೂ ಓಡುವ, ನಾಲ್ಕೂ ಚಕ್ರಕ್ಕೆ ಬಲವಿರುವ ಎತ್ತರದ ಹೈಬ್ರಿಡ್ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ಪೇಟೆಯಿಂದ ಗುಡ್ಡ ಏರುವಾಗ ಅದೂ ಬೊಬ್ಬೆ ಹೊಡೆಯುತ್ತದೆ. ಆದರೆ ನೆತ್ತಿ ದಾಟಿ ಊರಿನ ಕಡೆ ಇಳಿಯತೊಡಗಿದ ಕೂಡಲೇ ಎಂಜಿನ್ ತಾನಾಗಿ ಬಾಯಿ ಮುಚ್ಚುತ್ತದೆ. ಇದು ಕಾರಿನ ಗುಣವೇ ಹೊರತು ಅರ್ಜಿದಾರರ ಸಂಚಲ್ಲ.

2. ಮೊದಲ ದಿನವೇ ಹಳ್ಳ ತುಂಬಿತ್ತು. ಹಿಂದೆ ಕಿಕ್ಕಿರಿದು ಕೂತವರಲ್ಲಿ ಒಬ್ಬನಾದ ಅಂಗಡಿಯ ಅರ್ನೂಲ್ಫೊ, "ಅಯ್ಯಯ್ಯೋ, ಕರೆಂಟ್ ಗಾಡಿ ಕಣ್ರೋ! ನೀರಿಗಿಳಿದ್ರೆ ಎಲ್ರೂ ಸುಟ್ಟ ಬದನೆಕಾಯಿ!" ಎಂದು ಕೂಗಿದ ಕಾರಣ ಏಳು ಜನ ಧುಮುಕಿ, ಅದೇ ನೀರಿನಲ್ಲಿ ಸೊಂಟದ ತನಕ ಮುಳುಗಿ ನಡೆದರು. ತಮ್ಮ ಸಮಿತಿಯ ಕಾರ್ಯದರ್ಶಿ, ವಿಧವೆ, ಶ್ರೀಮತಿ ಒಫೆಲ್ಮಿನಾ ಯಾರ್ಸೆ ಮಾತ್ರ ತೊಡೆಯ ಮೇಲೆ ಕೋಳಿ ಇಟ್ಟುಕೊಂಡು ಮುಂದಿನ ಸೀಟಿನಿಂದ ಕದಲಲಿಲ್ಲ. "ಕರೆಂಟಿಗೆ ಹೆದರಿ ನೀರಿಗೇ ಇಳಿದ್ರಲ್ಲ ಪುಣ್ಯಾತ್ಮರು! ನಡೀರಿ ಎವೇಲಿಯೊ, ಕೋಳಿಗೆ ಹೊತ್ತಾಯ್ತು," ಎಂದರು. ನೀರು ದೀಪದ ತನಕ ಬಂತು, ಕಾರು ದಾಟಿತು. ಆಮೇಲೆ ಊರು ಸೇರುವವರೆಗೂ ಅರ್ಜಿದಾರರ ಬಾಯಿಂದ ಮಾತು ಹೊರಡಲಿಲ್ಲ. ಹೆದರಿಕೆಯಿಂದಲ್ಲ ಎಂದು ಬರೆಯಲು ಹೇಳಿದ್ದಾರೆ.

3. ಹಿಂದೆ ಜೀಪಿನ ಗದ್ದಲ ಮೂರು ತಿರುವು ಮೇಲಿನಿಂದಲೇ ಕೇಳುತ್ತಿದ್ದುದರಿಂದ ಊರವರು ಸಾವಕಾಶವಾಗಿ ಸಭ್ಯರಾಗುತ್ತಿದ್ದರು. ಈಗ ಹಾಗಿಲ್ಲ. ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಓರಗಿತ್ತಿಯರು ಒಂದೇ ಬೆಂಚಿನಲ್ಲಿ ಕೂತು ನಗುತ್ತಿದ್ದುದು ಕಣ್ಣಿಗೆ ಬಿತ್ತು. ಆ ನಾಚಿಕೆಗೆ ಅವರು ಈಗ ನಿಜವಾಗಿಯೂ ಮಾತು ಬಿಟ್ಟಿದ್ದಾರೆ. ಸಿಗರೇಟು ಬಿಟ್ಟೆನೆಂದು ಆಣೆಯಿಟ್ಟಿದ್ದ ಅಧ್ಯಕ್ಷರು ಬಾಳೆಮರದ ಹಿಂದಿದ್ದರು. ಇದನ್ನು ವಿವರಿಸುವುದಿಲ್ಲ.

4. ಈ ಕಾರಣಗಳಿಂದ ಡಬ್ಬದ ಆದೇಶವಾಯಿತು. "ಕದ್ದು ಕೇಳ್ತಾನೆ ಕಳ್ಳ!" ಎಂದು ಅಧ್ಯಕ್ಷರು ತುಂಬಿದ ಸಭೆಯಲ್ಲಿ ಹೀಯಾಳಿಸಿದ್ದರಿಂದ, ಅರ್ಜಿದಾರರು ಕನ್ಯಾಮರಿಯಮ್ಮನ ವಿಗ್ರಹ ಮುಟ್ಟಿ, "ನಾನು ಏನೂ ಕೇಳಿಸ್ಕೊಂಡಿಲ್ಲ, ಮುಂದೇನೂ ಕೇಳಿಸ್ಕೊಳಲ್ಲ," ಎಂದು ಪ್ರಮಾಣ ಮಾಡಿದರು.

5. ಹೀಗಿರಲಾಗಿ, ಕಳೆದ ಗುರುವಾರ ಮಧ್ಯಾಹ್ನ ಗುಡ್ಡ ಜರಿದು ರಸ್ತೆ ಮುಚ್ಚಿದ್ದರಿಂದ, ಅರ್ಜಿದಾರರು ರಸ್ತೆ ಬಿಟ್ಟು ಬಾಳೆತೋಟದ ನಡುವೆ ಇಳಿದರು. ಮೊಣಕಾಲುದ್ದ ಕೆಸರು. ಕಾರು ಎರಡು ಸಲ ಅಡ್ಡ ತಿರುಗಿತು, ಒಮ್ಮೆ ಹಿಂದುಮುಂದಾಗಿ ಜಾರಿತು, ಕೊನೆಗೆ ಸದರಿ ಕಾರ್ಯದರ್ಶಿಯವರ ಕಾಫಿ ಕಣದ ಬೇಲಿಯ ಹಿಂದೆ ತುಟಿ ಪಿಟಕ್ಕೆನ್ನದೆ ನಿಂತಿತು. ಆಕೆ ಪೆರೇಯ್ರಾ ಪಟ್ಟಣದಿಂದ ಬಂದಿದ್ದ ತಂಗಿಯೊಡನೆ ಕಾಫಿ ಹರವುತ್ತಿದ್ದರು. (ಮುಂದಿನ ಸಾಲುಗಳನ್ನು ಹಾರಿಸಿ ಓದಬಾರದೆಂದು ಕೋರಿಕೆ.)

"ಹಳ್ಳಕ್ಕೆ ಹೆದರಲ್ಲ, ಕೆಸರಿಗೆ ಹೆದರಲ್ಲ, ನನ್ ಹತ್ರ ಎರಡು ಮಾತಾಡು ಅಂದ್ರೆ ಬೆವರ್ತಾನೆ ಕಣೇ ಆ ಪೆದ್ದ. ಕೇಳಲಿ ನೋಡೋಣ, ಬೇಡ ಅಂತೀನಾ?"

"ಕೇಳ್ದೇ ಇದ್ರೆ ಏನ್ಮಾಡ್ತೀಯಕ್ಕಾ?"

"ಈ ಕೊಯ್ಲು ಮುಗಿಯೋ ತನಕ ಕಾಯ್ತೀನಿ. ಆಮೇಲೆ ಪೆರೇಯ್ರಾಕ್ಕೆ, ನಿಮ್ಮನೇಗೇ ಬಂದ್ಬಿಡ್ತೀನಿ."

ಅರ್ಜಿದಾರರು ಪ್ರಮಾಣ ನೆನಪಾಗಿ ಕಾರನ್ನು ಮೆಲ್ಲಗೆ ಹಿಂದಕ್ಕೆ ಏರಿಸಿದರು. ಹತ್ತು ಮಾರು ಹೋಗುವಷ್ಟರಲ್ಲಿ ಬ್ಯಾಟರಿ ಕೈಕೊಟ್ಟು ಎಂಜಿನ್ ಅಬ್ಬರಿಸಿತು. "ಯಾರದು?" ಎಂದು ಆಕೆ ಕೂಗಿದರು. "ಯಾರೂ ಇಲ್ಲ!" ಎಂದು ಅರ್ಜಿದಾರರು ಕೂಗಿದರು.

6. ಕೊಯ್ಲು ಮುಗಿಯಲು ಒಂಬತ್ತು ದಿನ ಉಳಿದಿದೆ. ಆಕೆಯನ್ನು ಕೇಳಿದರೆ ಕದ್ದು ಕೇಳಿದ್ದು ಬಯಲಾಗುತ್ತದೆ, ಕೇಳದಿದ್ದರೆ ಆಕೆ ಪೆರೇಯ್ರಾಕ್ಕೆ ಹೊರಡುತ್ತಾರೆ. ಇಲ್ಲಿ ಅರ್ಜಿದಾರರು ಕಣ್ಣೊರೆಸಿಕೊಂಡು, "ಇದನ್ನೆಲ್ಲ ಬರೀಬೇಡಪ್ಪಾ," ಎಂದರು. ಬರೆದಿದ್ದೇನೆ. ಮೇಜು ನನ್ನದು.

ಆದ್ದರಿಂದ, ಅರ್ಜಿದಾರರು ಪ್ರಮಾಣ ಮುರಿದದ್ದನ್ನು ಒಪ್ಪಿಕೊಂಡು, ಹದಿನಾಲ್ಕರ ಬದಲು ಇಪ್ಪತ್ತು ಡಬ್ಬ ಕಟ್ಟಿಸಿಕೊಳ್ಳಲು ಸಿದ್ಧರಿದ್ದಾರೆ. ಸಮಿತಿಗೆ ಬಂದ ಪ್ರತಿ ಅರ್ಜಿಯನ್ನೂ ಕಾರ್ಯದರ್ಶಿಯವರೇ ಊರವರೆದುರು ಗಟ್ಟಿಯಾಗಿ ಓದಬೇಕೆಂಬ ನಿಯಮವಿರುವ ಕಾರಣ, ಓದುತ್ತಿರುವ ಕಾರ್ಯದರ್ಶಿಯವರು ಈ ಸಾಲಿನಲ್ಲಿ ನಿಲ್ಲಿಸಿ, ಅರ್ಜಿದಾರರನ್ನು ಮದುವೆಯಾಗಲು ಒಪ್ಪಿಗೆ ಇದೆಯೋ ಇಲ್ಲವೋ ತಿಳಿಸಿ, ಅದನ್ನು ತಮ್ಮ ಕೈಯಾರೆ ನಡಾವಳಿಯಲ್ಲಿ ದಾಖಲಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಇನ್ನು ಮೇಲೆ ದೂರದಿಂದಲೇ ಕೇಳಿಸುವ,
ಎವೇಲಿಯೊ ಬುರಿತಿಕಾ

ಲಗತ್ತು:
1) ಖಾಲಿ ಡಬ್ಬ, ಇಪ್ಪತ್ತು.
2) ಗುರುವಾರದ ಪ್ಯಾಂಟು, ಒಗೆಯದ್ದು, ಕೆಸರಿನ ಸಾಕ್ಷ್ಯಕ್ಕಾಗಿ.

ವಿ.ಸೂ.: ಈ ಸಲ ಕದ್ದು ಕೇಳಬಾರದೆಂದು ಅರ್ಜಿದಾರರು ಸಭೆಯ ಹೊರಗೆ ಕಾರಿನಲ್ಲಿ ಗಾಜು ಏರಿಸಿ ಕೂತಿರುತ್ತಾರೆ. ಉತ್ತರ ಹೂಂ ಆದಲ್ಲಿ ಯಾರಾದರೂ ಹೋಗಿ ಗಾಜು ತಟ್ಟಬೇಕಾಗಿ ವಿನಂತಿ. ಊಹೂಂ ಆದಲ್ಲಿ ತಟ್ಟುವುದು ಬೇಡ. ಸ್ವಲ್ಪ ಹೊತ್ತಿಗೆ ಅವರಿಗೇ ತಿಳಿಯುತ್ತದೆ.