ಡಾಕ್ ಎಡಕ್ಕೋ ಕೆಳಕ್ಕೋ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತಾರೆ. ಈ ಗಾದೆ ಕಟ್ಟಿದವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ ಎಂದು ಕಾಣುತ್ತದೆ. ನಮ್ಮ ಮನೆಯಲ್ಲಿ ಉಂಡದ್ದೂ ಆಗುತ್ತಿತ್ತು, ಮಲಗಿದ್ದೂ ಆಗುತ್ತಿತ್ತು, ಬೆಳಿಗ್ಗೆ ಎದ್ದು ಕಾಫಿ ಕುಡಿದ ಮೇಲೆ ಅದೇ ಜಗಳ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತಿತ್ತು. ಆಸ್ತಿಯ ಜಗಳವಲ್ಲ, ನೆಂಟರಿಷ್ಟರ ಜಗಳವೂ ಅಲ್ಲ. ಕಂಪ್ಯೂಟರ್ ಪರದೆಯ ಒಂದು ಅಂಚಿನಲ್ಲಿ ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ಕೂತಿರುತ್ತವಲ್ಲ, ಯಾವ ಚಿತ್ರ ಒತ್ತಿದರೆ ಆ ಕೆಲಸ ತೆರೆದುಕೊಳ್ಳುತ್ತದಲ್ಲ, ಆ ಸಾಲಿಗೆ ಡಾಕ್ ಎಂದು ಹೆಸರು. ಅದು ಪರದೆಯ ಎಡಗಡೆ ಇರಬೇಕು ಎಂದು ನಮ್ಮ ಯಜಮಾನರು, ಕೆಳಗಡೆ ಇರಬೇಕು ಎಂದು ನಾನು. ಜಯನಗರದಲ್ಲಿ ಇಷ್ಟು ವರ್ಷ ಸಂಸಾರ ಮಾಡಿ, ಮನೆ ಯಾವ ದಿಕ್ಕಿಗಿರಬೇಕು ಎನ್ನುವುದರಲ್ಲಿ ಕೂಡ ನಾವು ಇಷ್ಟು ವಾದಿಸಿರಲಿಲ್ಲ.

ನಮ್ಮವರ ಕಸುಬು ಕರೆಯೋಲೆಗಳನ್ನು ವಿನ್ಯಾಸ ಮಾಡುವುದು. ಮದುವೆ, ಮುಂಜಿ, ನಾಮಕರಣ, ಗೃಹಪ್ರವೇಶ, ಯಾವುದಾದರೂ ಸರಿ. ಮುಂಚೆ ಕತ್ತರಿ, ಗೋಂದು ಹಿಡಿದು ಮಾಡುತ್ತಿದ್ದರು, ಆಮೇಲೆ ಕಂಪ್ಯೂಟರ್ ಬಂತು. ನಾನು ವಿಲ್ಸನ್ ಗಾರ್ಡನ್ನಿನ ಒಂದು ಶಾಲೆಯಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತಳಾದವಳು. ಅವರು ಮಾಡಿದ ಕರೆಯೋಲೆಯ ತಪ್ಪು ತಿದ್ದುವುದು ನನ್ನ ಪಾಲಿನ ಕೆಲಸ. ಯಂತ್ರ ಒಂದೇ, ಕೂರುವವರು ಇಬ್ಬರು. ಕರೆಯೋಲೆ ಉದ್ದುದ್ದ ಇರುತ್ತದೆ, ಡಾಕ್ ಕೆಳಗಡೆ ಇದ್ದರೆ ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಸಾಲೂ ಅದರ ಕೆಳಗಿನ ಅತ್ತೆ ಮಾವಂದಿರೂ ಮುಚ್ಚಿಹೋಗುತ್ತಾರೆ ಎನ್ನುವುದು ಅವರ ವಾದ. ಕನ್ನಡ ಎಡಗಡೆಯಿಂದ ಶುರುವಾಗುತ್ತದೆ, ಸಾಲು ಶುರುವಾಗುವ ಕಡೆಯೇ ಬಣ್ಣಬಣ್ಣದ ಚಿತ್ರಗಳು ಕೂತರೆ ಓದುವವಳ ಗಮನ ಏನಾಗಬೇಕು ಎನ್ನುವುದು ನನ್ನದು. ಅಲ್ಲದೆ ಕರಿಹಲಗೆಗೆ ಸೀಮೆಸುಣ್ಣ ಇಡುವ ಪಟ್ಟಿ ಯಾವಾಗಲೂ ಕೆಳಗಡೆಯೇ ಇರುತ್ತದೆ, ಪಕ್ಕಕ್ಕೆ ಹೊಡೆದದ್ದನ್ನು ಯಾರಾದರೂ ಕಂಡಿದ್ದೀರಾ? ನಾನು ಈ ಮಾತು ಹೇಳಿದಾಗಲೆಲ್ಲ ಅವರು ಕನ್ನಡಕ ತೆಗೆದು ಒರೆಸುತ್ತಾ, ಇದು ಕ್ಲಾಸ್ ರೂಮ್ ಅಲ್ಲ ಮಾರಾಯ್ತಿ ಎನ್ನುತ್ತಿದ್ದರು. ಕಡೆಗೆ ಒಂದು ಪದ್ಧತಿ ತಾನಾಗಿ ಬಂತು. ಅವರು ಕೂತಾಗ ಡಾಕನ್ನು ಎಡಕ್ಕೆ ಹಾಕಿಕೊಳ್ಳುವುದು, ನಾನು ಕೂತಾಗ ಕೆಳಕ್ಕೆ ತರುವುದು. ಇಬ್ಬರೂ ಒಬ್ಬರ ಮೇಲೊಬ್ಬರು ಗೊಣಗಿಕೊಂಡೇ ಇದನ್ನು ಮಾಡುತ್ತಿದ್ದೆವು. ಗೊಣಗದೆ ಮಾಡಿದ್ದರೆ ಯಾರಿಗೋ ಹುಷಾರಿಲ್ಲ ಎಂದರ್ಥ.

ಹೋದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಏನೇನೋ ಹೇಳಿದರು. ನಮ್ಮ ಗಮನವೆಲ್ಲ ಎಡಗೈ ಎತ್ತುತ್ತಾರಾ, ಎಡಗಾಲು ಊರುತ್ತಾರಾ ಎನ್ನುವುದರ ಮೇಲೇ ಇತ್ತು, ಉಳಿದದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ದೇವರ ದಯೆ, ಕೈಕಾಲು ತಕ್ಕಮಟ್ಟಿಗೆ ಬಂದವು. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ಮನೆಯ ಕಂಪ್ಯೂಟರಿಗೆ ನಾನೊಬ್ಬಳೇ ಒಡತಿ, ಡಾಕ್ ನೆಮ್ಮದಿಯಾಗಿ ಕೆಳಗಡೆ ಇತ್ತು. ಹಾಗಿದ್ದದ್ದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಅವರು ಮನೆಗೆ ಬರುವ ದಿನ, ಆರತಿಯ ತಟ್ಟೆಗೆ ಅರಿಶಿನ ಸುಣ್ಣ ಕಲಸುವ ಮುಂಚೆ ನಾನೇ ಹೋಗಿ ಡಾಕನ್ನು ಎಡಕ್ಕೆ ಹಾಕಿದೆ. ಸೋತೆ, ಇನ್ನು ಮೇಲೆ ಅದು ನಿಮ್ಮಿಷ್ಟದಂತೆಯೇ ಇರಲಿ, ನೀವು ಇದ್ದರೆ ಸಾಕು ಎಂದು ಬಾಯಲ್ಲಿ ಹೇಳಲು ಬರದವಳು ಹೇಳಿದ ರೀತಿ ಅದು.

ಅವರು ಬಂದರು, ಸುಧಾರಿಸಿಕೊಂಡರು, ಕುರ್ಚಿಯಲ್ಲಿ ಕೂತರು. ಪರದೆ ನೋಡಿದರು. “ಡಾಕ್ ಎಲ್ಲಿ ತೆಗೆದುಹಾಕ್ಬಿಟ್ಟೆ?” ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಲ್ಲೇ ಇದೆಯಲ್ಲ, ನಿಮ್ಮ ಎಡಗಡೆ ಎಂದೆ. ಅವರು ಬಹಳ ಶ್ರದ್ಧೆಯಿಂದ ಪರದೆಯ ಬಲಗಡೆಯನ್ನೆಲ್ಲ ಹುಡುಕಿದರು. ನಾನು ಎಡಗಡೆಯಲ್ಲಿ ನಿಂತು ಹೇಳುತ್ತಿದ್ದೆ, ಅವರು ಬಲಗಡೆಯ ಗೋಡೆಯ ಕಡೆ ತಿರುಗಿ, ಇಲ್ಲ ಕಣೇ, ಇಲ್ಲಿ ಏನೂ ಇಲ್ಲ ಎಂದು ಗೋಡೆಗೆ ಉತ್ತರ ಕೊಟ್ಟರು.

ಮನೆಗೆ ಬಂದು ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಹುಡುಗಿ, ಹೆಸರು ಅಶ್ವಿನಿ, ಸುದ್ದಗುಂಟೆಪಾಳ್ಯದಿಂದ ಸ್ಕೂಟರಿನಲ್ಲಿ ಬರುತ್ತಾಳೆ. ಅವಳು ನಿಧಾನವಾಗಿ ತಿಳಿಸಿ ಹೇಳಿದಳು. ಅವರ ಕಣ್ಣು ಚೆನ್ನಾಗಿಯೇ ಇದೆಯಂತೆ. ಆದರೆ ಲೋಕಕ್ಕೆ ಎಡಗಡೆ ಎನ್ನುವುದೊಂದು ಇದೆ ಎಂಬುದನ್ನೇ ಮಿದುಳು ಮರೆತುಬಿಟ್ಟಿದೆಯಂತೆ. ಮರೆತದ್ದು ಅವರಿಗೆ ಗೊತ್ತೂ ಆಗುವುದಿಲ್ಲವಂತೆ. ಮೊದಲ ಕೆಲವು ತಿಂಗಳುಗಳಲ್ಲಿ ಎಳೆದು ಎಳೆದು ಆ ಕಡೆ ತಿರುಗಿಸಿದರೆ ವಾಪಸು ಬರಬಹುದು, ಬಿಟ್ಟರೆ ಕಷ್ಟ. “ಅಂಕಲ್‌ಗೆ ಯಾವ್ದು ಬೇಕೇ ಬೇಕೋ ಅದನ್ನೆಲ್ಲ ಎಡಗಡೆ ಇಡಿ ಆಂಟಿ. ನೀವೂ ಎಡಗಡೆನೇ ಕೂತ್ಕೊಳ್ಳಿ. ಪಾಪ ಅಂತ ಬಲಗಡೆ ಮಾತ್ರ ಹೋಗ್ಬೇಡಿ” ಎಂದಳು. ಬೇಕೇ ಬೇಕಾದವುಗಳ ಸಾಲಿಗೆ ಅವಳು ನನ್ನನ್ನೂ ಸೇರಿಸಿದ್ದು ಕೇಳಿ, ಅಂಥ ಹೊತ್ತಿನಲ್ಲೂ ನನಗೆ ಸ್ವಲ್ಪ ಹೆಮ್ಮೆಯಾಯಿತು.

ಅಂತೂ ಡಾಕ್ ಎಡಗಡೆಯೇ ಉಳಿಯಿತು. ಇಷ್ಟು ವರ್ಷ ಅವರು ಹೋರಾಡಿದ ಜಾಗ ಅವರದಾಯಿತು, ಅವರಿಗೆ ಕಾಣಲಿಲ್ಲ ಅಷ್ಟೆ. ಕಂಪ್ಯೂಟರ್ ಕೆಟ್ಟಿದೆ, ರಿಪೇರಿಯವನನ್ನು ಕರೆಸು ಎಂದು ದಿನವೂ ರೇಗುತ್ತಿದ್ದರು. ಒಂದು ದಿನ ನಾನು ತಡೆಯಲಾರದೆ ಡಾಕನ್ನು ಬಲಕ್ಕೆ ಹಾಕಿಬಿಟ್ಟೆ. ನಮ್ಮಿಬ್ಬರ ಜಗಳದ ಇತಿಹಾಸದಲ್ಲೇ ಯಾರ ಬಾಯಲ್ಲೂ ಬಂದಿರದ ದಿಕ್ಕು ಅದು. ಅವರು ತಕ್ಷಣ, ನೋಡಿದ್ಯಾ, ರಿಪೇರಿ ಆಯ್ತು ಎಂದು ಮಗುವಿನ ಹಾಗೆ ಖುಷಿಪಟ್ಟರು. ಅಶ್ವಿನಿ ಬಂದವಳು ನೋಡಿ ಏನೂ ಬೈಯಲಿಲ್ಲ, ಸುಮ್ಮನೆ ಮತ್ತೆ ಎಡಕ್ಕೆ ಹಾಕಿದಳು. ಬೈದಿದ್ದರೆ ವಾಸಿಯಿತ್ತು. ಹೋಗುವಾಗ ಪರದೆಯ ಎಡ ಅಂಚಿಗೆ ಮೇಲಿಂದ ಕೆಳಗಿನವರೆಗೆ ಒಂದು ಕೆಂಪು ಟೇಪು ಅಂಟಿಸಿ, ಕೆಂಪು ಕಾಣಿಸುವ ತನಕ ಕತ್ತು ತಿರುಗಿಸುತ್ತಾ ಹೋಗಬೇಕು ಎಂದು ಅವರಿಗೆ ಹೇಳಿಕೊಟ್ಟಳು. ನನ್ನ ನಾದಿನಿ ವಿಮಲಾ ಬನಶಂಕರಿಯಿಂದ ನೋಡಲು ಬಂದವಳು ಟೇಪನ್ನು ಕಂಡು, ದೃಷ್ಟಿ ತಾಗಬಾರದು ಅಂತ ಕಟ್ಟಿದ್ದಾ ಅತ್ತಿಗೆ, ಒಳ್ಳೇದಾಯ್ತು ಬಿಡಿ ಎಂದು ಕೈಮುಗಿದಳು.

ಅದೇ ವಿಮಲಾ ಎದುರಿಗೆ ಗೌರಿ ಹಬ್ಬದ ದಿನ ನನ್ನ ಮಾನ ಹೋಯಿತು. ಬಾಳೆ ಎಲೆಯಲ್ಲಿ ಬಡಿಸಿದ್ದೆ. ನಮ್ಮಲ್ಲಿ ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು, ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಆ ತುದಿಗೇ. ನಮ್ಮವರು ಬಲಗಡೆಯ ಪಲ್ಯ, ಪಾಯಸ ಮುಗಿಸಿ, ಎಲೆಯನ್ನು ಗೀಟು ಎಳೆದಂತೆ ಅರ್ಧಕ್ಕೇ ಬಿಟ್ಟು, ಈ ಸಲ ಕೋಸಂಬರಿ ಮಾಡಲೇ ಇಲ್ವಾ ಎಂದರು. ಕೋಸಂಬರಿ ಎಂದರೆ ಅವರಿಗೆ ಪ್ರಾಣ. ನಾನು ಯೋಚನೆಯೇ ಮಾಡದೆ ಎಲೆಯನ್ನು ಹಿಡಿದು ಬುಡ ಎಡಕ್ಕೆ, ತುದಿ ಬಲಕ್ಕೆ ಬರುವಂತೆ ತಿರುಗಿಸಿಬಿಟ್ಟೆ. ಹಬ್ಬದ ಮನೆಯಲ್ಲಿ ತಿರುಗಿಸಿದ ಎಲೆ! ವಿಮಲಾ ತುತ್ತು ಕೈಯಲ್ಲೇ ಹಿಡಿದು ಶಿವ ಶಿವ ಎಂದಳು. ಮಧ್ಯಾಹ್ನವೆಲ್ಲ ಯಾವ ದೇವರಿಗೆ ತಪ್ಪುಕಾಣಿಕೆ ಹಾಕಬೇಕು ಎಂದು ಯೋಚಿಸುತ್ತಿದ್ದಳು. ಅವರು ಮಾತ್ರ ಕೋಸಂಬರಿಯನ್ನು ಚಪ್ಪರಿಸಿ ತಿಂದು, ಈಗ ಬಡಿಸಿದ್ಯಾ, ಮೊದಲೇ ಬಡಿಸಬಾರದಿತ್ತಾ ಎಂದರು. ಅಶುಭವೋ ಶುಭವೋ, ಅವರು ತಿಂದದ್ದು ನೋಡಿ ನನಗೆ ಅಳು ಬಂತು.

ಕೆಲಸ ಬಿಟ್ಟರೆ ಅವರು ಇನ್ನೂ ಕುಗ್ಗುತ್ತಾರೆ ಎಂದು ಒಂದು ಚಿಕ್ಕ ಕರೆಯೋಲೆ ಮಾಡಲು ಕೊಟ್ಟೆ. ಬಿಟಿಎಂ ಲೇಔಟಿನ ಒಂದು ಹುಡುಗಿಯ ಗೃಹಪ್ರವೇಶದ್ದು. ಗಣಪತಿ, ಮುಹೂರ್ತ, ವಿಳಾಸ, ಎಲ್ಲವನ್ನೂ ಕಾಗದದ ಬಲ ಅರ್ಧದಲ್ಲೇ ಬಸ್ಸಿನ ಜನರ ಹಾಗೆ ಒತ್ತೊತ್ತಾಗಿ ನಿಲ್ಲಿಸಿದ್ದರು, ಎಡ ಅರ್ಧ ಬೆಳ್ಳಗೆ ಖಾಲಿ. ಇದನ್ನು ಹೇಗೆ ತೋರಿಸುವುದೆಂದು ನಾನು ಒದ್ದಾಡುತ್ತಿರುವಾಗಲೇ ಆ ಹುಡುಗಿ ಬಂದು ಪರದೆ ನೋಡಿ, “ಸಖತ್ತಾಗಿದೆ ಅಂಕಲ್, ಖಾಲಿ ಜಾಗ ಬಿಟ್ಟಿರೋದು ಏನ್ ಕ್ಲಾಸಾಗಿದೆ” ಎಂದಳು. ಅವರಿಗೆ ಯಾವ ಖಾಲಿ ಜಾಗ ಎಂದು ತಿಳಿಯಲಿಲ್ಲ. ಆದರೂ ಹೊಗಳಿಕೆ ಹೊಗಳಿಕೆಯೇ ಅಲ್ಲವೇ, ಸುಮ್ಮನೆ ನಕ್ಕರು. ಅವಳು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ, ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ, ಯಾರಿಗೂ ಕೇಳಿಸದಂತೆ ಅತ್ತು ಬಂದೆ.

ದಿನವೂ ಬೆಳಿಗ್ಗೆ ತಿಂಡಿಯಾದ ಮೇಲೆ ಕಂಪ್ಯೂಟರಿನ ಪಾಠ. ಅವರು ಕುರ್ಚಿಯಲ್ಲಿ, ನಾನು ಅವರ ಎಡಗಡೆ ಬೆತ್ತದ ಸ್ಟೂಲಿನ ಮೇಲೆ. ಅಲ್ಲಿ ಕೂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಹೇಳುತ್ತಿರುತ್ತೇನೆ. ಮಕ್ಕಳಿಗೆ ಒತ್ತಕ್ಷರ ಕಲಿಸುವಾಗ ಕೂಡ ನನಗೆ ಇಷ್ಟು ತಾಳ್ಮೆ ಇರಲಿಲ್ಲ. ಬಾಣದ ಗುರುತು ಪರದೆಯ ಮಧ್ಯದವರೆಗೆ ಬಂದು ಅಲ್ಲಿ ಒಂದು ಗೋಡೆಯಿದೆಯೇನೋ ಎನ್ನುವಂತೆ ನಿಂತುಬಿಡುತ್ತದೆ. ಆಮೇಲೆ ಅವರು ಸುಸ್ತಾಗಿ ಕಣ್ಣು ಮುಚ್ಚುತ್ತಾರೆ. ನಾನು ಎಡಗಡೆಯಿಂದ ಅವರ ಮುಖ ನೋಡುತ್ತಾ ಕೂತಿರುತ್ತೇನೆ. ಕಣ್ಣು ಬಿಟ್ಟಾಗಲೂ ಆ ಮುಖ ನನ್ನ ಕಡೆ ಬರುವುದಿಲ್ಲ. ಮದುವೆಯಾದಾಗಿನಿಂದ ಈ ಮನುಷ್ಯ ನನ್ನನ್ನು ಸರಿಯಾಗಿ ನೋಡುವುದೇ ಇಲ್ಲ ಎಂದು ಎಷ್ಟು ಸಲ ದೂರಿದ್ದೆನೋ. ಆಗ ನೋಡುತ್ತಿದ್ದರು ಎಂದು ಈಗ ಗೊತ್ತಾಗುತ್ತಿದೆ.

ಹೋದ ವಾರ ಒಂದು ಬೆಳಿಗ್ಗೆ ಬಾಣ ಮಧ್ಯದಲ್ಲಿ ನಿಲ್ಲಲಿಲ್ಲ. ಅವರು ಹಣೆ ಗಂಟಿಕ್ಕಿ, ಕತ್ತನ್ನು ತುಕ್ಕು ಹಿಡಿದ ಕಿಟಕಿ ಬಾಗಿಲಿನಂತೆ ಕಷ್ಟಪಟ್ಟು ತಿರುಗಿಸುತ್ತಾ, ಕೆಂಪು, ಕೆಂಪು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಹೋದರು. ಡಾಕಿನ ಮೇಲೆ ಬಾಣ ಹೋಯಿತು. ಚಿತ್ರಗಳು ಒಂದೊಂದಾಗಿ ದೊಡ್ಡವಾದವು. ಅವರು ಕರೆಯೋಲೆಯ ಚಿತ್ರವನ್ನು ತಾವೇ ಒತ್ತಿದರು, ಅದು ತೆರೆದುಕೊಂಡಿತು. ಟೇಪಿನಿಂದ ನನ್ನ ಸೀರೆಯ ಸೆರಗಿಗೆ ಒಂದು ಮೊಳ ದೂರ ಇತ್ತೋ ಇಲ್ಲವೋ. ಇನ್ನೊಂದು ಸ್ವಲ್ಪ ತಿರುಗಿದರೆ ನಾನು ಕಾಣಬೇಕು.

“ಸಿಕ್ತು!” ಎಂದರು. ಹಾಗೆ ಹೇಳಿ, ಸಂತೋಷವನ್ನು ನನಗೆ ಹೇಳಬೇಕೆಂದು ಸರ್ರನೆ ಬಲಗಡೆಗೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಮುಖದಲ್ಲಿದ್ದ ನಗು ಹಾಗೇ ಉಳಿದು, ಕಣ್ಣು ಮಾತ್ರ ಗೋಡೆ, ಬೀರು, ಬಾಗಿಲು ಎಲ್ಲವನ್ನೂ ಹುಡುಕಿತು. “ಶಾರದಾ, ಎಲ್ಲಿದ್ದೀಯೆ? ಸಿಕ್ತು ಕಣೇ.”

ಆಗ ನಾನು ಹೇಳಬೇಕಾಗಿದ್ದ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲೇ ಇದ್ದೀನಿ, ಎಡಕ್ಕೆ ತಿರುಗಿ, ಕೆಂಪು ದಾಟಿ ಬನ್ನಿ ಎನ್ನಬೇಕಿತ್ತು. ಅಶ್ವಿನಿ ಇದ್ದಿದ್ದರೆ ಹಾಗೇ ಮಾಡಿಸುತ್ತಿದ್ದಳು. ನಾನು ಚಪ್ಪಲಿಯ ಸದ್ದಾಗದಂತೆ ಎದ್ದು, ಅವರ ಕುರ್ಚಿಯ ಹಿಂದಿನಿಂದ ಸುತ್ತಿ ಬಲಗಡೆಗೆ ಹೋಗಿ ನಿಂತೆ.

“ನೋಡಿದೆ ಕಣ್ರೀ” ಎಂದೆ.

“ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?” ಎಂದರು. ನನ್ನ ಮುಖವನ್ನು ನೋಡುತ್ತಿದ್ದರು, ಪೂರ್ತಿಯಾಗಿ.

ಒಲೆ ಮೇಲೆ ಹಾಲಿಟ್ಟಿದ್ದೆ ಎಂದು ಸುಳ್ಳು ಹೇಳಿದೆ. ಸಂಜೆ ಅಶ್ವಿನಿ ಬಂದಾಗ ಡಾಕ್ ಸಿಕ್ಕಿದ ಸುದ್ದಿಯನ್ನು ದೊಡ್ಡದಾಗಿ ಹೇಳಿದೆ, ಆಮೇಲೆ ನಡೆದದ್ದನ್ನು ಹೇಳಲಿಲ್ಲ. ಅವಳು ಖುಷಿಯಿಂದ, ಇನ್ನು ನೀವು ಸಿಗೋದೊಂದೇ ಬಾಕಿ ಆಂಟಿ, ಜಾಗ ಬಿಟ್ಟು ಏಳ್ಬೇಡಿ ಎಂದಳು. ಆಗಲಿ ಎಂದೆ. ನಾಳೆಯಿಂದ ಕದಲುವುದಿಲ್ಲ ಎಂದು ದಿನವೂ ನಿಶ್ಚಯಿಸುತ್ತೇನೆ. ತಿಂಡಿಯಾದ ಮೇಲೆ ಎಡಗಡೆಯೇ ಕೂರುತ್ತೇನೆ ಕೂಡ. ಅವರು ಡಾಕ್ ಸಿಕ್ಕಿದ ಮೇಲೆ ಬಲಕ್ಕೆ ತಿರುಗಿ ನನ್ನ ಹೆಸರು ಕರೆದ ತಕ್ಷಣ, ಕಾಲು ತಾನಾಗಿ ಎದ್ದು ಆ ಕಡೆ ಹೋಗುತ್ತದೆ. ಎಡಗಡೆ ಕೂತಿರು ಎಂದರೆ ಡಾಕ್ ಕೂತಿರುತ್ತದೆ, ಅದಕ್ಕೆ ಯಾರಾದರೂ ತನ್ನನ್ನು ನೋಡಲಿ ಎಂಬ ಆಸೆಯಿಲ್ಲ. ನನಗಿದೆ. ಮಂಡಿನೋವಿನ ಈ ವಯಸ್ಸಿನಲ್ಲಿ ಇದೆಂಥ ಚಪಲವೋ ನಾ ಕಾಣೆ.