ಏಳೆಂಟ್ಲ ಐವತ್ತನಾಲ್ಕು

ಹಲ್ಲುನೋವು ಬಂದವರ ಮಾತನ್ನು ನಂಬಬಾರದು. ಇದು ನನ್ನ ಸ್ವಂತ ಅನುಭವ. ಹೊಟ್ಟೆನೋವು ಬಂದವನು ಹೊಟ್ಟೆ ಹಿಡಿದುಕೊಂಡು ಊರಿಗೆಲ್ಲ ಹೇಳುತ್ತಾನೆ. ತಲೆನೋವು ಬಂದವನು ಹಣೆಗೆ ಪಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಪಿಸುಗುಟ್ಟುವಂತೆ ಮಾಡುತ್ತಾನೆ. ಹಲ್ಲುನೋವಿನವನು ಮಾತ್ರ ಸುಳ್ಳು ಹೇಳುತ್ತಾನೆ. ನಿಜ ಹೇಳಿದರೆ ಯಾರಾದರೂ ಇಕ್ಕಳ ತಂದಾರು ಎಂಬ ಭಯ ಅವನಿಗೆ. ಒಂದು ಗೌರಿಹಬ್ಬದ ದಿನ ನನ್ನ ಹೆಂಡತಿ ಒಬ್ಬಟ್ಟು ಬಡಿಸಿದಾಗ "ಈ ಸಲ ಹೂರಣ ಯಾಕೋ ಸರಿಯಾಗಿಲ್ಲ ಕಣೇ" ಎಂದು ಎಲೆಯ ಅಂಚಿಗೆ ಸರಿಸಿದೆ. ಹೂರಣ ಚೆನ್ನಾಗಿಯೇ ಇತ್ತು. ಸರಿಯಿಲ್ಲದ್ದು ನನ್ನ ಎಡಗಡೆಯ ದವಡೆಹಲ್ಲು. ಆಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಹಲ್ಲು ಕೀಳಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ಸುಮ್ಮನಿದ್ದೆ.

ಆಗ ಯುದ್ಧದ ಕಾಲ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿದ್ದೆ. ನಾಲ್ಕು ತರಗತಿಗೆ ಒಂದೇ ಕೋಣೆ, ಒಬ್ಬನೇ ಮೇಷ್ಟ್ರು. ಮಕ್ಕಳ ಮನೆಮಾತು ತೆಲುಗು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಧೈರ್ಯಸ್ಥರು ತೆಲುಗಿನಲ್ಲಿ ಉತ್ತರ ಹೇಳುತ್ತಿದ್ದರು, ಉಳಿದವರು ಯಾವ ಭಾಷೆಯಲ್ಲೂ ಹೇಳುತ್ತಿರಲಿಲ್ಲ. ಮೊದಮೊದಲು ಬೆತ್ತ ಆಡಿಸಿ ನೋಡಿದೆ. ಮರುದಿನ ಅರ್ಧ ಸ್ಕೂಲು ಹಿಪ್ಪುನೇರಳೆ ತೋಟದಲ್ಲಿ ಅವಿತುಕೊಂಡಿತ್ತು. ಆಮೇಲೆ ಹೊಳೆದದ್ದು ಬೆಲ್ಲ. ಕೆರೆಯ ಕೆಳಗೆ ಕಬ್ಬು ಬೆಳೆಯುವವರು ಆಲೆ ಆಡಿಸಿದಾಗಲೆಲ್ಲ ಮೇಷ್ಟ್ರಿಗೆಂದು ಬೆಲ್ಲ ಕಳಿಸುತ್ತಿದ್ದರು. ನಮ್ಮದು ಇಬ್ಬರ ಸಂಸಾರ, ಎಷ್ಟು ತಿಂದರೂ ಮುಗಿಯುತ್ತಿರಲಿಲ್ಲ. ಅದನ್ನು ಕುಟ್ಟಿ, ಖಾಲಿಯಾದ ಸೀಮೆಸುಣ್ಣದ ಡಬ್ಬಕ್ಕೆ ತುಂಬಿ ಮೇಜಿನ ಮೇಲಿಟ್ಟೆ. ಕನ್ನಡದಲ್ಲಿ ಸರಿಯುತ್ತರ ಹೇಳಿದವರಿಗೆ ಒಂದು ಉಂಡೆ. ಎರಡೇ ತಿಂಗಳಲ್ಲಿ ನನ್ನ ಮಕ್ಕಳು ಇಪ್ಪತ್ತರ ಮಗ್ಗಿಯವರೆಗೆ ಕನ್ನಡದಲ್ಲೇ ಹೇಳತೊಡಗಿದರು. ಇನ್ಸ್‌ಪೆಕ್ಟರು ಬಂದು ಬೆನ್ನು ತಟ್ಟಿದರು. ಅವರ ಮುಂದೆ ಡಬ್ಬವನ್ನು ತೋರಿಸಲಿಲ್ಲ. ಎಲ್ಲವೂ ನನ್ನ ಬೋಧನೆಯ ಮಹಿಮೆ ಎಂದೇ ಅವರು ತಿಳಿದರು, ಬರಬರುತ್ತಾ ನಾನೂ ಹಾಗೆಯೇ ತಿಳಿದೆ.

ಒಂದು ನಿಯಮವಿತ್ತು: ಕೊಟ್ಟ ಬೆಲ್ಲವನ್ನು ನನ್ನ ಎದುರಿಗೇ ತಿನ್ನಬೇಕು. ಮನೆಗೆ ಒಯ್ದರೆ ದಾರಿಯಲ್ಲೇ ಜಗಳವಾಗಿ ಅಂಗಿ ಹರಿಯುತ್ತಿತ್ತು. ಇನ್ನೊಂದು ನಿಯಮವನ್ನು ಯಾರಿಗೂ ಹೇಳಿರಲಿಲ್ಲ: ಡಬ್ಬದ ತಳದ ಪುಡಿ ಮೇಷ್ಟ್ರಿಗೆ. ಸರಿಯುತ್ತರ ಕೇಳಿ ಸಂತೋಷವಾದಾಗ ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ದೇವರ ದಯೆಯಿಂದ ಆ ಸ್ಕೂಲಿನಲ್ಲಿ ಸಂತೋಷಕ್ಕೇನೂ ಕಡಿಮೆಯಿರಲಿಲ್ಲ.

ಅದರಲ್ಲಿ ಮುಕ್ಕಾಲು ಪಾಲು ನಾರಾಯಣಮ್ಮನಿಂದ ಬಂದದ್ದು. ರೇಷ್ಮೆಹುಳು ಸಾಕುವ ಮುನಿವೆಂಕಟಪ್ಪನ ಮಗಳು, ನಾಲ್ಕನೆಯ ತರಗತಿ. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಹುಡುಗಿ. ಇಂಥವಳು ದಸರಾ ರಜ ಮುಗಿಸಿ ಬಂದ ಮೇಲೆ ಏನಾದಳೋ, ಕೈ ಎತ್ತುವುದನ್ನೇ ಬಿಟ್ಟಳು. ಒಂದು ದಿನ ನಾನೇ ಎಬ್ಬಿಸಿ ನಿಲ್ಲಿಸಿ "ಏಳೆಂಟ್ಲ?" ಎಂದೆ. ಅವಳು ನನ್ನನ್ನು ನೋಡಿದಳು, ಡಬ್ಬವನ್ನು ನೋಡಿದಳು, ಸ್ವಲ್ಪ ಯೋಚಿಸಿ "ಐವತ್ತನಾಲ್ಕು" ಎಂದಳು. ಮೂರನೆಯ ತರಗತಿಯಲ್ಲಿ ಮೂರು ವರ್ಷದಿಂದ ಬೀಡುಬಿಟ್ಟಿದ್ದ ಗಂಗುಲಪ್ಪ ಕೂಡ ಕಿಸಕ್ಕನೆ ನಕ್ಕ. ಮರುದಿನವೂ ಐವತ್ತನಾಲ್ಕು. ಮೂರನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು. ಬೆತ್ತ ತೆಗೆದುಕೊಂಡೆ. ಅವಳು ಅಳಲಿಲ್ಲ, ಅಂಗೈ ಚೆನ್ನಾಗಿ ಬಿಡಿಸಿ ಹಿಡಿದಳು. ಅದನ್ನು ಮೊಂಡುತನ ಎಂದುಕೊಂಡು ಇನ್ನೊಂದು ಏಟು ಕೊಟ್ಟೆ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಂತೆಯಲ್ಲಿ ಅವಳಪ್ಪ ಸಿಕ್ಕಿದಾಗ "ನಿನ್ನ ಮಗಳ ಬುದ್ಧಿ ಯಾಕೋ ಮಂಕಾಗಿದೆ ಕಣಪ್ಪ" ಎಂದುಬಿಟ್ಟೆ.

ಅವನು "ಅಯ್ಯವಾರೇ, ನೀವು ಹೇಳಿದ್ರಿ ಅಂತ ಇಷ್ಟು ದಿನ ಕಳಿಸ್ದೆ. ಬುದ್ಧಿ ಇಲ್ಲ ಅಂದ್ಮೇಲೆ ಯಾಕೆ? ಮುಂದಿನ ವಾರದಿಂದ ಹುಳಕ್ಕೆ ಸೊಪ್ಪು ಹಾಕ್ಕೊಂಡಿರ್ಲಿ ಬಿಡಿ" ಎಂದ.

ನಾನು ತಡೆಯಬೇಕಾಗಿತ್ತು. ಅದೂ ಇದೂ ತೊದಲಿ ಮನೆಗೆ ಬಂದೆ.

ಆ ವಾರವೇ ಮುಳಬಾಗಿಲಿನಿಂದ ಡಾಕ್ಟರು ಬಂದರು. ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕಲು ಬಂದವರು, ಬಂದದ್ದು ಬಂದೆ ಎಂದು ಎಲ್ಲರ ಬಾಯನ್ನೂ ತೆರೆಸಿ ನೋಡಿದರು. ಹುಳುಕುಹಲ್ಲಿನವರನ್ನು ಕಿಟಕಿಯ ಕಡೆ, ಒಳ್ಳೆಯ ಹಲ್ಲಿನವರನ್ನು ಬಾಗಿಲ ಕಡೆ ನಿಲ್ಲಿಸುತ್ತಾ ಹೋದರು. ಎಲ್ಲ ಮುಗಿದ ಮೇಲೆ ನಾನು ತಲೆಯೆತ್ತಿ ನೋಡಿದೆ. ಕಿಟಕಿಯ ಕಡೆ ನಿಂತವರು ನನ್ನ ಸ್ಕೂಲಿನ ರತ್ನಗಳು. ಇಪ್ಪತ್ತರ ಮಗ್ಗಿಯವರು, ಭಾಗಾಕಾರದವರು, ಪದ್ಯ ಒಪ್ಪಿಸುವವರು. ಬಾಗಿಲ ಕಡೆ ಕಬ್ಬು ಸಿಗಿಯುವಂಥ ಹಲ್ಲು ಬಿಟ್ಟುಕೊಂಡು ನಗುತ್ತಿದ್ದವರು ಒಂದು ವರ್ಷದಿಂದ ಒಂದು ಉತ್ತರವನ್ನೂ ಹೇಳದವರು, ಅವರ ಮುಂಚೂಣಿಯಲ್ಲಿ ಗಂಗುಲಪ್ಪ. ಡಾಕ್ಟರು ನನ್ನ ಹಾಜರಿ ಪುಸ್ತಕವನ್ನು ಮುಟ್ಟದೆಯೇ ಪರೀಕ್ಷೆಯ ಫಲಿತಾಂಶ ಹೇಳಿಬಿಟ್ಟಿದ್ದರು.

"ವಿಚಿತ್ರ ನೋಡಿ ಮೇಷ್ಟ್ರೇ. ರಾಗಿಮುದ್ದೆ ತಿನ್ನೋ ಮಕ್ಕಳು, ದಿನಾ ಬೇವಿನಕಡ್ಡಿ ಕಚ್ಚೋರು. ಇವಕ್ಕೆ ಇಷ್ಟೊಂದು ಸಿಹಿ ಎಲ್ಲಿ ಸಿಗ್ತದೆ?" ಎಂದರು ಡಾಕ್ಟರು.

ನಾನು ಡಬ್ಬವನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದೆ. ಅದರ ಹಿಂದೆಯೇ ಇರುವೆಗಳ ಸಾಲೂ ಶಿಸ್ತಾಗಿ ಮೇಜಿನ ಕಾಲಿಳಿದು ಹೊರಟಿತು. ಡಾಕ್ಟರು ಇರುವೆಗಳನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ದೊಡ್ಡ ಮನುಷ್ಯರು.

ಕಿಟಕಿಯ ಸಾಲಿನಲ್ಲಿ ಮೊದಲು ನಿಂತವಳು ನಾರಾಯಣಮ್ಮ. ಕೆನ್ನೆ ಊದಿತ್ತು. ಹತ್ತಿರ ಕರೆದು "ಯಾಕಮ್ಮ ಹೇಳಲಿಲ್ಲ?" ಎಂದೆ.

"ಪನ್ನು ನೊಪ್ಪಿ, ಮೇಷ್ಟ್ರೇ" ಎಂದಳು. ಹಲ್ಲುನೋವು ಎಂಬುದನ್ನು ಹೇಳುವಾಗ ಮಾತ್ರ ಅವಳಿಗೆ ಮನೆಯ ಮಾತೇ ಬಂತು. ನಾನೂ ತಿದ್ದಲಿಲ್ಲ.

"ಏಳೆಂಟ್ಲ ಎಷ್ಟು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಸರಿಯಾಗಿ ಹೇಳಿದ್ರೆ ಬೆಲ್ಲ ಕೊಡ್ತೀರಿ. ಎದುರಿಗೇ ತಿನ್ಬೇಕು. ತಿಂದ್ರೆ ತಲೆತನಕ ನೋಯ್ತದೆ. ಮೇಷ್ಟ್ರು ಕೊಟ್ಟಿದ್ದನ್ನ ಬೇಡ ಅನ್ಬಾರ್ದು ಅಂತ ಅವ್ವ ಹೇಳವ್ಳೆ."

"ಅದಕ್ಕೆ ಏಟು ತಿಂದೆಯಾ?"

"ಏಟು ಕೈಗೆ ತಾನೇ? ಬೇಗ ಹೋಗ್ತದೆ."

ನನ್ನ ಮೇಷ್ಟ್ರುಗಿರಿಯಲ್ಲಿ ಎಷ್ಟೋ ಸಾವಿರ ಉತ್ತರಗಳನ್ನು ಕೇಳಿದ್ದೇನೆ. ಅಷ್ಟು ಯೋಚಿಸಿ ಹೇಳಿದ ಉತ್ತರ ಮತ್ತೊಂದಿಲ್ಲ. ನನ್ನ ಬೆತ್ತವನ್ನೂ ನನ್ನ ಬೆಲ್ಲವನ್ನೂ ಎದುರುಬದುರು ಇಟ್ಟು ತೂಗಿ, ಬೆತ್ತವೇ ವಾಸಿ ಎಂದು ಆ ಮಗು ಆರಿಸಿಕೊಂಡಿತ್ತು. ಅದನ್ನು ನಾನು ಬುದ್ಧಿಮಂಕು ಎಂದಿದ್ದೆ.

ಸಂಜೆ ಅವಳ ಮನೆಗೆ ಹೋದೆ. ಹಲ್ಲಿನ ಹುಳು ಬೀಳಲೆಂದು ಅವಳಜ್ಜಿ ನೆಲಗುಳ್ಳದ ಬೀಜದ ಹೊಗೆ ಹಿಡಿಸಿದ್ದಳಂತೆ. ಒಂದು ಹುಳುವೂ ಉದುರಲಿಲ್ಲವಂತೆ. ಹುಳು ಸಾಕುವ ಮನೆಯಲ್ಲಿ ಹುಳು ಬೀಳಿಸಲು ಬಾರದಾಯಿತೇ ಎಂದು ಮುದುಕಿಗೆ ಅವಮಾನ. ನಾನು ಮುನಿವೆಂಕಟಪ್ಪನಿಗೆ ಎಲ್ಲವನ್ನೂ ಹೇಳಿ, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ.

"ಹಂಗಂದ್ರೆ ಹಲ್ಲು ಕಿತ್ರೆ ಬುದ್ಧಿ ಬರ್ತದಾ ಅಯ್ಯವಾರೇ?" ಎಂದ. ಅವನ ಅನುಮಾನ ಹೋಗಿರಲಿಲ್ಲ.

"ಬುದ್ಧಿ ಹೋಗೇ ಇಲ್ಲ ಕಣಪ್ಪ, ನೋಡೀವಂತೆ ಬಾ" ಎಂದೆ. ಶನಿವಾರ ಮೂವರೂ ಇದ್ದಿಲು ಬಸ್ಸು ಹತ್ತಿದೆವು. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲೇ ಓಡುತ್ತಿದ್ದವು. ದಿಣ್ಣೆ ಬಂದಾಗಲೆಲ್ಲ ಇಳಿದು ನೂಕುತ್ತಾ, ಮತ್ತೆ ಹತ್ತುತ್ತಾ ಮುಳಬಾಗಿಲು ಸೇರಿದೆವು.

ಡಾಕ್ಟರು ಇಕ್ಕಳ ತೆಗೆದರು. ಹುಡುಗಿ ನನ್ನ ಕೈ ಹಿಡಿದುಕೊಂಡಳು, ನಾನು ಹೊಡೆದ ಅದೇ ಕೈಯಿಂದ. "ಹೋಗಲಿ, ಹಾಲುಹಲ್ಲು ತಾನೇ, ಮತ್ತೆ ಬರುತ್ತದೆ" ಎಂದು ನನ್ನ ಸಮಾಧಾನಕ್ಕೆ ನಾನೇ ಹೇಳಿಕೊಂಡೆ. "ಇಲ್ಲ ಮೇಷ್ಟ್ರೇ" ಎಂದರು ಡಾಕ್ಟರು. "ಈ ದವಡೆಹಲ್ಲು ಆರೇಳು ವರ್ಷಕ್ಕೇ ಬರೋದು. ಎಲ್ಲರೂ ಹಾಲುಹಲ್ಲು ಅಂತಲೇ ತಿಳ್ಕೊಳ್ತಾರೆ. ಇದು ಹೋದ್ರೆ ಹೋಯ್ತು." ಮಗ್ಗಿ ಕಲಿಸಿ ಹಲ್ಲು ಕಸಿದುಕೊಂಡ ಮೇಷ್ಟ್ರು ನಾನು. ಮಗ್ಗಿಯನ್ನು ಬೆಲ್ಲವಿಲ್ಲದೆಯೂ ಕಲಿಯುತ್ತಿದ್ದಳೋ ಏನೋ. ಆ ಹಲ್ಲು ಮಾತ್ರ ಬರುವುದಿಲ್ಲ.

ಬಾಯಿಗೆ ಅರಳೆ ತುರುಕಿಸಿಕೊಂಡು ಅವಳು ಎದ್ದು ಕುಳಿತಳು. ಕಣ್ಣು ಒರೆಸಿಕೊಂಡು ಮೊದಲು ಕೇಳಿದ್ದು: "ಇನ್ಮೇಲೆ ಬೆಲ್ಲ ಇಲ್ಲ ತಾನೇ ಮೇಷ್ಟ್ರೇ?"

"ಇಲ್ಲಮ್ಮ. ಹುರಿಗಡಲೆ. ಬೇಡ ಅಂದ್ರೆ ಅದೂ ಇಲ್ಲ."

ಆಗ ಅವಳು ಯಾರೂ ಕೇಳದೆಯೇ ಏಳರ ಮಗ್ಗಿ ಶುರು ಮಾಡಿದಳು. ಅರಳೆಯ ಸಂದಿನಿಂದ ತೊದಲುತ್ತಾ ಬಂದರೂ ಏಳೊಂದ್ಲ ಏಳರಿಂದ ಏಳ್ಹತ್ಲ ಎಪ್ಪತ್ತರವರೆಗೆ ಒಂದೂ ತಪ್ಪಲಿಲ್ಲ. ಮುನಿವೆಂಕಟಪ್ಪ ಬಾಗಿಲಲ್ಲೇ ನಿಂತು ಕೇಳಿದ. "ಹುಳಕ್ಕೆ ಸೊಪ್ಪು ನಾನೇ ಹಾಕ್ಕೊಳ್ತೀನಿ. ಇವಳು ಸ್ಕೂಲಲ್ಲೇ ಇರ್ಲಿ ಅಯ್ಯವಾರೇ" ಎಂದ.

ನನಗೆ ಸಂತೋಷವಾಯಿತು. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ಅಲ್ಲಿ ಒಂದು ಚೂರು ಬೆಲ್ಲವಿತ್ತು. ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಂಡೆ. ಮರುಕ್ಷಣವೇ ಎಡಗಡೆಯ ದವಡೆಯಿಂದ ನೆತ್ತಿಯವರೆಗೆ ಮಿಂಚು ಹೊಡೆದಂತಾಗಿ ಕೆನ್ನೆ ಹಿಡಿದುಕೊಂಡೆ.

"ಏನು ಮೇಷ್ಟ್ರೇ, ಹಲ್ಲುನೋವಾ? ಇಕ್ಕಳ ಹೇಗೂ ಹೊರಗಿದೆ, ಕೂತ್ಕೊಳ್ಳಿ" ಎಂದರು ಡಾಕ್ಟರು.

"ನನಗೇನಾಗಿದೆ ಡಾಕ್ಟ್ರೇ? ಚೆನ್ನಾಗೇ ಇದೀನಿ" ಎಂದೆ.

ನಾರಾಯಣಮ್ಮ ಅರಳೆಯನ್ನು ನಾಲಿಗೆಯಿಂದ ಪಕ್ಕಕ್ಕೆ ಸರಿಸಿಕೊಂಡು ನನ್ನನ್ನೇ ದಿಟ್ಟಿಸಿ ನೋಡಿದಳು.

"ಮೇಷ್ಟ್ರೇ, ಏಳೆಂಟ್ಲ?" ಎಂದಳು.

ನಾನು ಅವಳನ್ನು ನೋಡಿದೆ, ಇಕ್ಕಳವನ್ನು ನೋಡಿದೆ. "ಐವತ್ತನಾಲ್ಕು ಕಣಮ್ಮ" ಎಂದವನೇ ಛತ್ರಿ ಎತ್ತಿಕೊಂಡು ಬಸ್ಸಿನ ಕಡೆ ಬಿರಬಿರನೆ ನಡೆದೆ.