ಮೂರು ವಿಸಿಲಿನ ಹಾಟ್ ರಾಡ್

ತಿರುಪ್ಪೂರಿನಲ್ಲಿ ನಾನು ಬಣ್ಣ ಹಾಕಲಾಗದ ವಸ್ತು ಇನ್ನೂ ಹುಟ್ಟಿಲ್ಲ! ಮೂವತ್ತೊಂದು ವರ್ಷ ಡೈಯಿಂಗ್ ಮಾಸ್ಟರ್ ಆಗಿದ್ದವನು ನಾನು. ಬನಿಯನ್, ಟೀ ಶರ್ಟು, ಸಾಕ್ಸು, ಕೊನೆಗೆ ಒಂದು ಮದುವೆಯ ಶಾಮಿಯಾನಕ್ಕೂ ಬಣ್ಣ ಹಾಕಿದ್ದೇನೆ. ಹೀಗಿರುವಾಗ ಗೇಣುದ್ದದ ಒಂದು ಪ್ಲಾಸ್ಟಿಕ್ ಕಾರು ನನಗೆ ಯಾವ ಲೆಕ್ಕ? ಅದನ್ನು ಜೋಡಿಸಿ, ಬಣ್ಣ ಹಾಕಿ, ಇಡೀ ಮಿಲ್ಲು ಬಾಯಿ ಬಿಟ್ಟುಕೊಂಡು ನೋಡುವಂತೆ ಮಾಡದಿದ್ದರೆ ನನ್ನ ಹೆಸರು ಅಂಗಪ್ಪನ್ ಅಲ್ಲ ಎಂದು ಹೆಂಡತಿಯ ಮುಂದೆ ಪಂಥ ಕಟ್ಟಿದೆ. ಈಗಲೂ ನನ್ನ ಹೆಸರು ಅಂಗಪ್ಪನ್ನೇ. ಬದಲಾಯಿಸಬೇಕೆಂದರೆ ಆಧಾರ್ ಕಾರ್ಡು ತಿದ್ದಿಸಬೇಕು, ಅದಕ್ಕೇ ಸುಮ್ಮನಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ. ನಮ್ಮದು ತಲೆತಲಾಂತರದಿಂದ ಇಲ್ಲೇ ಮಗ್ಗ ಹೂಡಿಕೊಂಡು ಬಂದ ಮನೆತನ. ಮನೆಯೊಳಗೆ ಮಾತು ಕನ್ನಡ, ಓದು ಬರಹವೆಲ್ಲ ತಮಿಳು. ಕನ್ನಡ ಅಕ್ಷರ ಬರುವುದು ನನಗೊಬ್ಬನಿಗೇ, ತಾತ ಕೂರಿಸಿಕೊಂಡು ಕಲಿಸಿದ್ದು. ಹೆಂಡತಿ ವಿಜಯಕುಮಾರಿಗೆ ಅದರಲ್ಲಿ ಒಂದು ಅಕ್ಷರವೂ ಗೊತ್ತಿಲ್ಲ. ಹಾಗಾಗಿ ಇಲ್ಲಿ ನಾನು ಧೈರ್ಯವಾಗಿ ನಿಜ ಹೇಳಬಹುದು.

ಮಿಲ್ಲಿನಲ್ಲೂ ಈ ಅಕ್ಷರವೇ ನನ್ನ ಬೀಗವಾಗಿತ್ತು. ನಮ್ಮಲ್ಲಿ ಒಂಬತ್ತನೇ ನಂಬರ್ ಕೆಂಪು ಎಂದು ಒಂದು ಬಣ್ಣ. ವಿದೇಶದ ಒಬ್ಬ ಗಿರಾಕಿ ಪ್ರತಿ ವರ್ಷ ಅದನ್ನೇ ಕೇಳುತ್ತಾನೆ. ಅದಕ್ಕೆ ಯಾವ ಪುಡಿ ಎಷ್ಟು, ಯಾವುದು ಮೊದಲು, ಯಾವುದು ಕೊನೆಗೆ ಎಂಬುದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೆ. ಮೇಜಿನ ಮೇಲೆ ಬಿಚ್ಚಿಟ್ಟು ಊಟಕ್ಕೆ ಹೋದರೂ ಭಯವಿರಲಿಲ್ಲ. ಒಮ್ಮೆ ಯಾರೋ ಅದರ ಮೇಲೆ ಫೋನು ಹಿಡಿದು ಓದಿಸಲು ನೋಡಿದರಂತೆ. ನನ್ನ ಕೈಬರಹ ಕಂಡು ಫೋನೇ ಕೈಚೆಲ್ಲಿತಂತೆ.

ಆಮೇಲೆ ಮಿಲ್ಲು ಹಳೆಯ ಯಜಮಾನರ ಮಗ ದೀನದಯಾಳನ್ ಕೈಗೆ ಬಂತು, ಅವನೇ ಮೊದಲಾಳಿಯಾದ. ಅವನು ಬಣ್ಣ ಅಳೆಯುವ ಕಂಪ್ಯೂಟರ್ ಮಿಷನ್ ತರಿಸಿದ, ಅದಕ್ಕೆ ಏಸಿ ರೂಮು ಕಟ್ಟಿಸಿದ. ನನಗೆ ಐವತ್ತೆಂಟು ತುಂಬಿದ ದಿನ ಶಾಲು ಹೊದಿಸಿ, ಎಲ್ಲರ ಮುಂದೆ ಒಂದು ಡಬ್ಬಿ ಕೊಟ್ಟ. ಮೂವತ್ತೊಂದು ವರ್ಷದ ಸೇವೆಗೆ ಒಂದು ಆಟಿಕೆ ಕಾರಿನ ಕಿಟ್! ಡಬ್ಬಿಯ ಮೇಲೆ ‘ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ’ ಎಂದು ಬರೆದಿತ್ತು. ಆ ಅರ್ಹತೆ ನನಗಿದೆ ಎಂದು ಕಂಪನಿ ಒಪ್ಪಿಕೊಂಡಂತಾಯಿತು.

“ಮಾಮಾ, ಇನ್ನು ಜಾಲಿಯಾಗಿ ಇರಿ,” ಎಂದ ದೀನದಯಾಳನ್, ತಮಿಳಿನಲ್ಲಿ. “ಇದನ್ನ ಜೋಡಿಸಿ ಆಯುಧಪೂಜೆಗೆ ತನ್ನಿ. ನನ್ನ ರೂಮಿನ ಶೋಕೇಸಲ್ಲಿ ಇಡ್ತೀನಿ.”

ನನಗೆ ಹೊಟ್ಟೆ ಉರಿದುಹೋಯಿತು. ಆದರೂ ನಕ್ಕೆ. ಯಾಕೆಂದರೆ ಒಳಗೊಳಗೇ ಒಂದು ಲೆಕ್ಕ ಹಾಕಿದ್ದೆ. ಒಂಬತ್ತನೇ ನಂಬರ್ ನಾಲ್ಕು ಸಲ ಪ್ರಯತ್ನಿಸಿದರೂ ಆ ಮಿಷನ್ನಿಗೆ ಬಂದಿರಲಿಲ್ಲ. ಒಮ್ಮೆ ಕಿತ್ತಳೆಗೆ ತಿರುಗಿತು, ಒಮ್ಮೆ ಬೀಟ್‌ರೂಟಿಗೆ. ಈ ಕಾರಿಗೆ ಅದೇ ಕೆಂಪು ಹಾಕಿ ಅವನ ಕಣ್ಣೆದುರು ಇಟ್ಟರೆ ‘ಮಾಮಾ, ನೀವಿಲ್ಲದೆ ಆಗೋದಿಲ್ಲ, ಬನ್ನಿ’ ಎಂದು ಅವನೇ ಕರೆಯುತ್ತಾನೆ. ನನಗೆ ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಸ್ಕೂಟರ್ ಹತ್ತಿ ಹೋಗಲು ಒಂದು ಜಾಗ ಬೇಕಿತ್ತು.

ಡಬ್ಬಿ ಬಿಚ್ಚಿದೆ. ನೂರ ಹನ್ನೆರಡು ತುಂಡು! ಅದು ಹಾಟ್ ರಾಡ್ ಅಂತೆ. ಹಾಗೆಂದರೆ ಹಳೆ ಕಾರಿನ ಮಡ್‌ಗಾರ್ಡು ಕಿತ್ತು, ಮೇಲ್ಛಾವಣಿ ಕುಯ್ದು ತಗ್ಗಿಸಿ, ಇಂಜಿನ್ನು ಹೊರಗೆ ಕಾಣುವಂತೆ ಕೂರಿಸಿ, ಕಣ್ಣು ಕುಕ್ಕುವ ಬಣ್ಣ ಕೊಡುವ ಅಮೆರಿಕದವರ ಶೋಕಿ. ನಾನು ಮಡ್‌ಗಾರ್ಡು ಕತ್ತರಿಸುವುದನ್ನು ವಿಜಯಕುಮಾರಿ ಅವರೆಕಾಯಿ ಸುಲಿಯುತ್ತ ನೋಡಿದಳು.

“ಎನ್ನಂಗ, ಹೊಸ ಕಾರ್ನ ಯಾತಕ್ಕೆ ಒಡಿತೀರ?” ನನ್ನನ್ನು ಅವಳು ಕರೆಯುವುದು ಹೀಗೇ, ತಮಿಳಿನ ‘ಏನೂಂದ್ರೆ’.

“ಒಡೆಯೋದಲ್ಲ, ಕಸ್ಟಮ್ ಮಾಡೋದು.”

“ಆ ಕೆಲಸ ನಮ್ಮ ಮಿಕ್ಸಿಗೆ ಆಗ್ಲೇ ಮಾಡಿದೀರ.”

ಕಾರಿನ ಛಾವಣಿಗೆ ಕೈ ಹಾಕಿದೆ. ಅರ್ಧ ಬೆರಳಷ್ಟು ತಗ್ಗಿಸಬೇಕಿತ್ತು, ಹ್ಯಾಕ್ಸಾ ಬ್ಲೇಡು ಒಂದು ಬೆರಳಷ್ಟು ತಿಂದಿತು. ಒಳಗೆ ಡ್ರೈವರ್ ಕೂರುವುದಿದ್ದರೆ ಮಲಗಿಕೊಂಡೇ ಓಡಿಸಬೇಕು. ಸೀಟಿಗೆ ಬನಿಯನ್ ಬಟ್ಟೆಯ ಕುಷನ್ ಹೊಲಿದೆ. ಹೊಗೆ ಕೊಳವೆ ಕಳೆದುಹೋಗಿತ್ತು, ಹೆಂಡತಿಯ ಎರಡು ಹೇರ್‌ಪಿನ್ ಬಗ್ಗಿಸಿ ಅಂಟಿಸಿದೆ. ಅಂಟಿಸುವಾಗ ನನ್ನ ಬಲಗೈ ಹೆಬ್ಬೆರಳು, ತೋರುಬೆರಳು, ಇಂಜಿನ್ನು ಮೂರೂ ಒಂದಾದವು. ಆ ಮುದ್ರೆ ಹಿಡಿದುಕೊಂಡೇ ಮಧ್ಯಾಹ್ನದ ಊಟ ಮಾಡಿದೆ, ಅಂದರೆ ಅವಳು ತಿನ್ನಿಸಿದಳು. ಸಂಜೆ ಕೊಬ್ಬರಿ ಎಣ್ಣೆ ಹಾಕಿ ಬಿಡಿಸಿದಾಗ ಇಂಜಿನ್ ಜತೆ ನನ್ನ ಒಂದಿಷ್ಟು ಚರ್ಮವೂ ಹೋಯಿತು. ಎರಡು ಬೆರಳಿಗೂ ಬ್ಯಾಂಡೇಜು.

ಉಳಿದದ್ದು ಬಣ್ಣ. ಕೊಯಮತ್ತೂರಿಗೆ ಹೋಗಿ, ಉಕ್ಕಡಂನಲ್ಲಿ ಬಸ್ಸಿಳಿದು, ಒಂದು ಅಂಗಡಿಯಲ್ಲಿ ಕೇಳಿದೆ. ಅವನು ಸ್ಪ್ರೇ ಡಬ್ಬಿ ತೋರಿಸಿದ. ನನಗೆ ಅವನ ಮೇಲೆ ಕನಿಕರವೇ ಹುಟ್ಟಿತು. ಬಣ್ಣ ಬಳಿಯುವುದು ಬೇರೆ, ಬಣ್ಣ ಹಾಕುವುದು ಬೇರೆ. ಬಳಿದ ಬಣ್ಣ ಮೇಲೆ ಕೂರುತ್ತದೆ, ಕೆರೆದರೆ ಹೋಗುತ್ತದೆ. ನಾವು ಹಾಕಿದ್ದು ಒಳಗೆ ಇಳಿಯುತ್ತದೆ! ಅಂಗಪ್ಪನ್ ಮಾಸ್ಟರ್ ಸ್ಪ್ರೇ ಹೊಡೆದ ಎಂದು ತಿರುಪ್ಪೂರಿನಲ್ಲಿ ಗೊತ್ತಾದರೆ ನಾನು ತಲೆಯೆತ್ತಿ ತಿರುಗುವುದು ಹೇಗೆ? ಬರಿಗೈಯಲ್ಲಿ ವಾಪಸು ಬಸ್ಸು ಹತ್ತಿದೆ.

ಆಯುಧಪೂಜೆಗೆ ಇನ್ನು ನಾಲ್ಕೇ ದಿನ. ಬೆಳಿಗ್ಗೆ ತಿಂಡಿ ಆದ ಮೇಲೆ ಹೆಂಡತಿಯನ್ನು ಕರೆದೆ.

“ಕುಕ್ಕರ್ ಕೊಡು. ದೊಡ್ಡದು.”

“ಯಾತಕ್ಕೆ?”

“ಕಾರು ಬೇಯಿಸೋಕೆ.”

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ನಾನು ಕೂರಿಸಿ ಪಾಠ ಹೇಳಿದೆ. ಪಾಲಿಯೆಸ್ಟರ್ ಎಂದರೇನು? ಒಂದು ಬಗೆಯ ಪ್ಲಾಸ್ಟಿಕ್. ಅದಕ್ಕೆ ಬಣ್ಣ ಹಿಡಿಸಲು ಮಿಲ್ಲಿನಲ್ಲಿ ಏನು ಮಾಡುತ್ತೇವೆ? ಮುಚ್ಚಿದ ಪಾತ್ರೆಯಲ್ಲಿ ನೂರ ಮೂವತ್ತು ಡಿಗ್ರಿ ಕಾಯಿಸುತ್ತೇವೆ. ಕಾರು ಯಾವುದು? ಪ್ಲಾಸ್ಟಿಕ್. ಕುಕ್ಕರ್ ಯಾವುದು? ಮುಚ್ಚಿದ ಪಾತ್ರೆ. ಇನ್ನೇನು ಅನುಮಾನ?

“ಕರಗಿ ಹೋದ್ರೆ? ಮೊದ್ಲು ಒಂದು ಚಿಕ್ಕ ತುಂಡು ಹಾಕಿ ನೋಡಬೌದು ತಾನೆ?”

“ಮೂವತ್ತೊಂದು ವರ್ಷ ಬಣ್ಣ ಹಾಕಿದವನು ನೀನಾ ನಾನಾ?”

ಇಲ್ಲಿ ಒಂದು ತಪ್ಪೊಪ್ಪಿಗೆ. ಅವಳು ಹೇಳಿದ್ದೇ ನಮ್ಮ ಕಸುಬಿನ ಮೊದಲ ಪಾಠ. ಪೂರ್ತಿ ಸರಕಿಗೆ ಕೈ ಹಾಕುವ ಮುನ್ನ ಒಂದು ತುಂಡನ್ನು ಅದ್ದಿ ನೋಡಬೇಕು, ಅದಕ್ಕೆ ಲ್ಯಾಬ್ ಡಿಪ್ ಎನ್ನುತ್ತೇವೆ. ಅದನ್ನು ಮಾಡದೆ ಬಟ್ಟೆ ಹಾಕಿದ ತಪ್ಪಿಗೆ ಸತೀಶ್‌ಕುಮಾರ್ ಎಂಬ ನನ್ನ ಕೈಕೆಳಗಿನವನನ್ನು ಮೂರು ದಿನ ಮನೆಗೆ ಕಳಿಸಿದ್ದೆ. ಈಗ ಆ ಏಸಿ ರೂಮಿನ ಮಿಷನ್ ಮುಂದೆ ಕೂರುವವನು ಅವನೇ. ನನ್ನ ಡಬ್ಬಿಯಲ್ಲಿ ಅದ್ದಿ ನೋಡಲು ಎರಡು ಮಡ್‌ಗಾರ್ಡು ಬಿದ್ದಿದ್ದವು. ಹೆಂಡತಿ ಹೇಳಿದಳು ಎಂಬ ಒಂದೇ ಕಾರಣಕ್ಕೆ ನಾನು ಅವನ್ನು ಮುಟ್ಟಲಿಲ್ಲ.

ಮಿಲ್ಲಿನಿಂದ ಹಿಂದೆ ತಂದಿಟ್ಟಿದ್ದ ಸ್ಯಾಂಪಲ್ ಪುಡಿ ಮನೆಯಲ್ಲೇ ಇತ್ತು, ಆದರೆ ಬ್ಯಾಂಡೇಜಿನ ಕೈಯಲ್ಲಿ ಅಳೆಯಲಾಗುತ್ತಿರಲಿಲ್ಲ. ನಾನು ನೋಟ್‌ಬುಕ್ ಹಿಡಿದು ಓದಿದೆ, ಅವಳು ಉಪ್ಪಿನ ಸ್ಪೂನಿನಲ್ಲಿ ಅಳೆದು ಹಾಕಿದಳು. ಹಳದಿ ಇಷ್ಟು, ಕೆಂಪು ಇಷ್ಟು, ಕೊನೆಗೆ ನೀಲಿ ಒಂದು ಚಿಟಿಕೆ, ಅದೂ ಯಾವಾಗ ಎಂದು. ಎಷ್ಟೆಂದು ಇಲ್ಲಿ ಹೇಳುವುದಿಲ್ಲ. ಈಗ ಹೇಳಿದರೂ ನಷ್ಟವಿಲ್ಲ, ಆದರೂ ಹೇಳುವುದಿಲ್ಲ. ಬಣ್ಣ ಹಿಡಿಯಲು ನೀರು ಹುಳಿಯಾಗಿರಬೇಕು, ಆಸಿಡ್ ಇರಲಿಲ್ಲ, ಪೂಜೆಯ ದಿನ ಸ್ಕೂಟರ್ ಚಕ್ರಕ್ಕಿಡಲು ಅವಳು ತಂದಿದ್ದ ನಾಲ್ಕು ನಿಂಬೆಹಣ್ಣು ಹಿಂಡಿಸಿದೆ. ನಡುವೆ ಅವಳು ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. “ಎಷ್ಟು ಸ್ಪೂನ್ ಅಂತ ತಿರುಗಿ ತಿರುಗಿ ಕೇಳಿದ್ರೆ ಬೈತೀರ,” ಎಂದಳು. ದಿನಸಿ ಪಟ್ಟಿ ಬರೆಯುವ ಅಭ್ಯಾಸ ಎಂದುಕೊಂಡು ಓದುತ್ತ ಹೋದೆ.

ಕಾರಿನ ದೇಹವನ್ನು ನನ್ನ ಬಿಳಿ ಪಾಲಿಯೆಸ್ಟರ್ ಕರವಸ್ತ್ರದಲ್ಲಿ ಸುತ್ತಿ ಕುಕ್ಕರಿನಲ್ಲಿ ಇಳಿಸಿದೆ. ಮುಚ್ಚಳ ಹಾಕಿದೆ. ಮೊದಲ ವಿಸಿಲಿಗೆ ಅಡುಗೆಮನೆಯ ಛಾವಣಿ ಕೆಂಪಾಯಿತು. ಎರಡನೆಯದಕ್ಕೆ ಗೋಡೆ, ಅವರೆಕಾಯಿ, ಪೂಜೆಗೆಂದು ಒಗೆದು ಮಡಿಸಿಟ್ಟಿದ್ದ ನನ್ನ ಪಂಚೆ. ಮೂರನೆಯದಕ್ಕೆ ವಿಜಯಕುಮಾರಿ. ಅವಳು ಕೆಂಪು ಮುಖದಲ್ಲಿ ನನ್ನನ್ನೇ ನೋಡುತ್ತ ಗ್ಯಾಸ್ ಆರಿಸಿದಳು.

ಮುಚ್ಚಳ ತೆಗೆದು ಬಟ್ಟೆ ಬಿಚ್ಚಿದೆ. ಒಳಗೆ ಕಾರಿರಲಿಲ್ಲ. ಒಂದು ಮುದ್ದೆ ಇತ್ತು. ಛಾವಣಿ ಸೀಟಿಗೆ ಅಂಟಿ, ಬಾಗಿಲು ಬಾಗಿಲನ್ನು ತಬ್ಬಿಕೊಂಡು, ಮೂತಿ ಒಳಕ್ಕೆ ಮಡಿಸಿಕೊಂಡು ಕೂತಿತ್ತು. ಆದರೆ ಬಣ್ಣ! ಕರವಸ್ತ್ರದಲ್ಲೂ ಮುದ್ದೆಯಲ್ಲೂ ಒಂದು ಚುಕ್ಕೆ ಹೆಚ್ಚುಕಡಿಮೆ ಇಲ್ಲದ ಒಂಬತ್ತನೇ ನಂಬರ್. ನನಗೆ ಅಳು ಬಂತು. ಯಾವುದಕ್ಕೆ ಎಂದು ಹೇಳಲಾರೆ.

“ಇದು ಬೋಂಡಾನಾ, ಕಾರಾ?” ಎಂದಳು ಅವಳು.

ಮರುದಿನ ಬೆಳಿಗ್ಗೆ ಸತೀಶ್‌ಕುಮಾರ್ ಮಿಲ್ಲಿನ ಪೂಜೆಗೆ ಕರೆಯಲು ಬಂದ. ನಾನು ಮುದ್ದೆ ಅಡಗಿಸುವುದರೊಳಗೆ ಅವನ ಕಣ್ಣು ಅದರ ಮೇಲೆ ಬಿತ್ತು.

“ಮಾಸ್ಟರ್, ಇದು ಒಂಬತ್ತು ತಾನೇ?” ಧ್ವನಿಯಲ್ಲಿ ನಿಜವಾದ ಬೆರಗಿತ್ತು. “ನಮ್ಮ ಮಿಷನ್ ಇನ್ನೂ ಒದ್ದಾಡ್ತಾ ಇದೆ.”

ನನ್ನ ಎದೆ ಉಬ್ಬಿತು. ಕಾರು ಹೋದರೆ ಹೋಗಲಿ, ಕೆಲಸ ಬಂತು! ಮೊದಲಾಳಿಗೆ ಹೇಳು, ಬೇಕಾದರೆ ಅವನೇ ಬಂದು ಕರೆಯಲಿ ಎಂದು ಗತ್ತಿನಲ್ಲಿ ಹೇಳಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅವನು ಕಾಫಿ ಕುಡಿದು ಹೋಗಿದ್ದ.

ಪೂಜೆಯ ದಿನ ಮಿಲ್ಲಿಗೆ ಹೋದೆ. ಗೇಟಿನಲ್ಲಿ ಬೂದುಗುಂಬಳ ಕಟ್ಟಿದ್ದರು, ಎಲ್ಲ ಮಿಷನ್ನುಗಳಿಗೂ ಗಂಧ ಕುಂಕುಮ. ಏಸಿ ರೂಮಿನ ಕಂಪ್ಯೂಟರಿಗೆ ಎಲ್ಲಕ್ಕಿಂತ ದೊಡ್ಡ ಹಾರ. ದೀನದಯಾಳನ್ ಕರ್ಪೂರದ ತಟ್ಟೆ ನನ್ನ ಕೈಗೆ ಕೊಟ್ಟ.

“ಮಾಮಾ, ಹಿರಿಯರು ನೀವು. ನೀವೇ ಬೆಳಗಬೇಕು.”

ನನ್ನ ಕೆಲಸ ಕಿತ್ತುಕೊಂಡ ಮಿಷನ್ನಿಗೆ ನಾನೇ ಆರತಿ ಎತ್ತಿದೆ. ಕಣ್ಣಿಗೆ ಒತ್ತಿಕೊಳ್ಳುವಾಗ ಅವನು ಮೆಲ್ಲಗೆ ಹೇಳಿದ, “ಒಂಬತ್ತನೇ ನಂಬರ್ ಮೊದಲ ಡಿಪ್‌ನಲ್ಲೇ ಪಾಸಾಯ್ತು ಮಾಮಾ. ಅತ್ತೆ ಕೊಟ್ಟ ಚೀಟಿ ಅಷ್ಟು ಕ್ಲಿಯರ್. ಇನ್ನು ಈ ವಯಸ್ಸಲ್ಲಿ ನಿಮಗೆ ತೊಂದರೆ ಕೊಡೋದಿಲ್ಲ.”

ಚೀಟಿ! ಕ್ಯಾಲೆಂಡರಿನ ಹಾಳೆ! ಅಚ್ಚ ತಮಿಳಿನಲ್ಲಿ, ಸ್ಪೂನಿನ ಲೆಕ್ಕದಲ್ಲಿ! ಮೇಜಿನ ಮೇಲೆ ಚಿಕ್ಕ ತಕ್ಕಡಿಯ ಪಕ್ಕ ನಮ್ಮ ಮನೆಯ ಉಪ್ಪಿನ ಸ್ಪೂನು ಮಲಗಿತ್ತು. ಅದನ್ನೂ ವಿಜಯಕುಮಾರಿ ಸತೀಶ್‌ಕುಮಾರ್ ಕೈಗೆ ಕೊಟ್ಟು ಕಳಿಸಿದ್ದಳು. ಮೂವತ್ತೊಂದು ವರ್ಷ ನಾನು ಹಾಕಿದ್ದ ಬೀಗ ಒಂದು ಲೋಟ ಕಾಫಿ ಮುಗಿಯುವುದರೊಳಗೆ ತೆರೆದುಹೋಗಿತ್ತು.

ಹೊರಡುವಾಗ ಸತೀಶ್‌ಕುಮಾರ್ ಪುರಿ ಕಡಲೆಯ ಪೊಟ್ಟಣ ಕೊಟ್ಟು, ವಿನಯದಿಂದಲೇ ಕೇಳಿದ, “ಮಾಸ್ಟರ್, ಕಾರಿಗೆ ಲ್ಯಾಬ್ ಡಿಪ್ ಹಾಕಿರಲಿಲ್ಲವಾ?”

ಮನೆಗೆ ಬಂದವನೇ ಕೂಗಾಡಿದೆ. ವಿಜಯಕುಮಾರಿ ಗೋಡೆಯ ಕೆಂಪು ಕಲೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ತಿಳಿದೇ ಕೊಟ್ಟೆ,” ಎಂದಳು. “ಮೂವತ್ತೊಂದು ವರ್ಷ ಒಬ್ಬಳೇ ಕೂತು ಉಂಡಿದೀನಿ. ಆ ಚೀಟಿ ಅವರ ಕೈಲಿದ್ರೆ ನಿಮ್ಮನ್ನ ತಿರುಗಿ ಕೂಗೋದಿಲ್ಲ, ಮನೇಲೇ ಇರ್ತೀರ ಅಂತ ಕೊಟ್ಟೆ.”

ಇಷ್ಟು ವರ್ಷದಲ್ಲಿ ಅವಳು ಇದನ್ನು ಒಮ್ಮೆಯೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲಿಟ್ಟೆ. ಅದರೊಳಗಿಂದ ದೀನದಯಾಳನ್ ಕೊಟ್ಟ ಇನ್ನೊಂದು ಡಬ್ಬಿ ಇಣುಕಿತು. ಈ ಸಲ ಹಡಗು. ಮುನ್ನೂರ ನಲವತ್ತು ತುಂಡು.

ಅವಳು ಡಬ್ಬಿ ನೋಡಿದಳು. ಅಡುಗೆಮನೆಯ ಕೆಂಪು ಛಾವಣಿ ನೋಡಿದಳು. ಕೆಂಪಾದದ್ದನ್ನು ಎಸೆದು ಹೊಸದಾಗಿ ತಂದಿದ್ದ ಕುಕ್ಕರನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

“ಎನ್ನಂಗ,” ಎಂದಳು, “ಆ ಚೀಟಿ ವಾಪಸ್ ಕೊಡ್ತಾರಾ ಕೇಳಿ ನೋಡಿ.”